ತಂತಿಯ ಸಿಂಬಿ

ಹೊಳೆದಂಡೆಯ ಮಠದಲ್ಲಿ ಗುರುಲಿಂಗಜ್ಜ ಅಂತ ಒಬ್ಬರಿದ್ದರು. ಕಾವಿ ಉಟ್ಟವರಲ್ಲ, ಪ್ರವಚನ ಹೇಳಿದವರಲ್ಲ. ಹರೆಯದಲ್ಲಿ ಹಡಗಿನ ಮೇಲೆ ವೈರ್‌ಲೆಸ್ ನೋಡಿಕೊಂಡಿದ್ದವರು. ಮುಪ್ಪಿನಲ್ಲಿ ಮಠದ ಅತ್ತಿಮರದ ಕೆಳಗೆ ಹವ್ಯಾಸಿಗಳು ದೂರದವರೊಡನೆ ಮಾತಾಡುವ ಒಂದು ಹ್ಯಾಮ್ ರೇಡಿಯೊ ಇಟ್ಟುಕೊಂಡು, ಬಂದವರಿಗೆ ಅದನ್ನೇ ಕಲಿಸುತ್ತಿದ್ದರು.

ಬಂದವರು ಬಹಳ, ಉಳಿದವರು ಕಡಿಮೆ. ಯಾಕೆಂದರೆ ಅಜ್ಜ ಮಾತಾಡಲು ಕಲಿಸುವುದಕ್ಕೆ ಮೊದಲು ಸುಮ್ಮನಿರಲು ಕಲಿಸುತ್ತಿದ್ದರು.

ಉಳಿದವರಲ್ಲಿ ಕಸ್ತೂರಿ ಒಬ್ಬಳು. ಊರಿನ ಆಸ್ಪತ್ರೆಯ ನರ್ಸು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ರೇಡಿಯೊ ಪರೀಕ್ಷೆ ಪಾಸಾಗಿ ಲೈಸೆನ್ಸೂ ಬಂದಿತ್ತು. ಆದರೆ ಸೆಟ್ಟಿನ ಗುಂಡಿ ಒಮ್ಮೆ ಒತ್ತಿದಳೆಂದರೆ ಮುಗಿಯಿತು.

ರೇಡಿಯೊದ ಮಾತು ಫೋನಿನ ಮಾತಿನಂತಲ್ಲ. ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಒತ್ತಿಕೊಂಡೇ ಕೂತರೆ ಆ ಕಡೆಯವರು ಗಂಟಲು ಹರಿದುಕೊಂಡರೂ ನಮಗೆ ಕೇಳಿಸುವುದಿಲ್ಲ.

"ಗುಂಡಿ ಬಿಡವಾ," ಅನ್ನುತ್ತಿದ್ದರು ಅಜ್ಜ.

"ಬಿಟ್ಟೀನ್ರಿ ಅಜ್ಜಾರ."

"ಬಾಯಿ ಬಿಟ್ಟಿ. ಗುಂಡಿ ಬಿಡು."

ಹೀಗೆ ನಡೆದಿತ್ತು ಅವರ ಪಾಠ.

ಹೊಳೆಯ ನಡುವೆ ಒಂದು ನಡುಗಡ್ಡೆ. ಅಲ್ಲಿ ನಾಲ್ಕಾರು ಮನೆ, ಎಮ್ಮೆ, ಶೇಂಗಾದ ಹೊಲ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ವಾರಗಟ್ಟಲೆ ತೆಪ್ಪ ಹೋಗುವುದಿಲ್ಲ. ಫೋನಿನ ಸಿಗ್ನಲ್ಲಂತೂ ಅಲ್ಲಿಗೆ ಎಂದೂ ಹೋದದ್ದೇ ಇಲ್ಲ.

ಹಿಂದಿನ ವರ್ಷ ಹೊಳೆ ತುಂಬಿದ್ದಾಗ ಅಲ್ಲಿಯ ಹೆಂಗಸರು ದಂಡೆಗೆ ಬಂದು ಕೆಂಪು ಸೀರೆ ಬೀಸಿದ್ದರು. ಈಚೆ ದಂಡೆಯಲ್ಲಿ ನಿಂತ ಕಸ್ತೂರಿಗೆ ಸೀರೆ ಕಂಡಿತ್ತು. ಅವರು ಏನು ಹೇಳುತ್ತಿದ್ದಾರೆ ಎಂಬುದು ತಿಳಿದಿರಲಿಲ್ಲ.

ನೀರಿಳಿದ ಮೇಲೆ ತಿಳಿಯಿತು. ದುರುಗವ್ವನ ಚೊಚ್ಚಲ ಕೂಸು ಉಳಿದಿರಲಿಲ್ಲ.

ಈ ವರ್ಷ ದುರುಗವ್ವ ಮತ್ತೆ ಬಸುರಿ. ಈಚೆ ಬಂದು ಇರು ಅಂದರೆ ಬರಲೊಲ್ಲಳು. "ಅತ್ತೀಗೆ ಕಣ್ಣು ಕಾಣೂದಿಲ್ಲ, ನಮ್ಮ ಮನಿಯವ್ರು ಹಗಲೆಲ್ಲಾ ಹೊಲದಾಗ ಇರತಾರ, ಅಕಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಬರ್ಲಿ?" ಅನ್ನುತ್ತಾಳೆ. ಅತ್ತೆಯೋ, ಹುಟ್ಟಿದಾರಭ್ಯ ಆ ನೆಲ ಬಿಟ್ಟು ಕದಲಿದವಳಲ್ಲ.

"ನಾನ ಹೋಗಿ ಇರತೀನ್ರಿ ಅಜ್ಜಾರ," ಅಂದಳು ಕಸ್ತೂರಿ ಒಂದು ಮುಂಜಾನೆ. "ನೀರು ಬಂದು ಇಳಿಯೂತನಕ. ನಮ್ಮ ದವಾಖಾನಿ ಡಾಕ್ಟರಬಾಯಿ ಹೂಂ ಅಂದಾರ. ಈ ಸಲ ಏನಾದ್ರೂ ಆದ್ರ ರೇಡಿಯೊದಾಗ ಅವರನ್ನ ಕೇಳತೀನಿ."

ಅಜ್ಜ ಹೊಳೆಯ ಕಡೆ ನೋಡಿದರು.

"ಹೋಗು. ಈ ದಂಡಿಗೆ ನಾ ಕುಂಡ್ರತೀನಿ."

"ಯಾವ ಸೆಟ್ ಒಯ್ಯಲಿ?"

"ಕೇಳು."

"ಕೇಳಾಕತ್ತೀನಲ್ರಿ. ಯಾವ ಸೆಟ್ ಒಯ್ಯಲಿ?"

"ಕೇಳು ಅಂದೆ."

"ಅಯ್ಯ, ಅದನ್ನ ಕೇಳಾಕತ್ತೀನ್ರಿ!"

ಅಜ್ಜ ಎಲೆಅಡಿಕೆಯ ಚೀಲ ಬಿಚ್ಚಿದರು. ಬಾಯಿಗೆ ಎಲೆ ಹೋದ ಮೇಲೆ ಅವರಿಂದ ಮಾತು ಹೊರಡಿಸಲು ಯಾರಿಂದಲೂ ಆಗುತ್ತಿರಲಿಲ್ಲ.

ನಮ್ಮ ನುಡಿ ಹಾಗಿದೆ ನೋಡಿ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಕಸ್ತೂರಿಗೆ ಮೊದಲನೆಯದು ಚೆನ್ನಾಗಿ ಬರುತ್ತಿತ್ತು.

ಗುರು ಹೇಳದಿದ್ದರೆ ಶಿಷ್ಯೆ ತಾನೇ ಆರಿಸಬೇಕಲ್ಲ. ಮಠದ ಕೋಣೆಯಲ್ಲಿ ಭಕ್ತರು ಕೊಟ್ಟ ಸೆಟ್ಟುಗಳು ಸಾಲಾಗಿ ಕೂತಿದ್ದವು. ಕಸ್ತೂರಿ ಅದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿಕೊಂಡಳು. ಜೀಪಿಗೆ ಹಾಕುವ ಸೆಟ್ಟು ಅದು. ಅದಕ್ಕೆ ಲಾರಿಯ ಬ್ಯಾಟರಿ ಬೇಕು. ಬ್ಯಾಟರಿ ಚಾರ್ಜು ಮಾಡಲು ಸೋಲಾರ್ ಹಲಗೆ ಬೇಕು. ಆಂಟೆನಾ ನಿಲ್ಲಿಸಲು ಕಬ್ಬಿಣದ ಪೈಪು ಬೇಕು. ಪೈಪು ಹುಗಿಯಲು ಹಾರೆ ಬೇಕು.

ಮರುದಿನ ಎಲ್ಲವನ್ನೂ ಚಕ್ಕಡಿಯಲ್ಲಿ ಹೇರಿಸಿಕೊಂಡು ಹೊಳೆಗೆ ಬಂದಳು. ಅಜ್ಜ ಕೋಲೂರಿಕೊಂಡು ಹಿಂದೆಯೇ ಬಂದರು, ಜಾತ್ರೆ ನೋಡಲು ಬಂದವರ ಹಾಗೆ.

ಅಂಬಿಗ ಜಟ್ಟೆಪ್ಪ ಸಾಮಾನನ್ನೆಲ್ಲ ತೆಪ್ಪಕ್ಕೆ ಏರಿಸಿದ. ಬ್ಯಾಟರಿ ಇಟ್ಟ ಕಡೆ ತೆಪ್ಪ ವಾಲಿತು. ಕಸ್ತೂರಿ ಒಂದು ಕಾಲು ಇಟ್ಟಳು. ಒಂದು ಬೊಗಸೆ ನೀರು ಒಳಗೆ ಬಂತು.

ಜಟ್ಟೆಪ್ಪ ತಲೆ ಕೆರೆದುಕೊಂಡ. "ಅಕ್ಕಾರ, ನೀವು ಬರತೀರೋ, ಈ ಎಮ್ಮಿ ಬರತೈತೋ? ಇಬ್ರೂ ಅಂದ್ರ ಆಗೂದಿಲ್ಲ."

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಸ್ತೂರಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಅಂಜಿಕೆಯಾಯಿತು. ಕಾಲು ಹಿಂದಕ್ಕೆ ತೆಗೆದು ಮರಳಿನ ಮೇಲೆ ನಿಂತಳು. ಕಣ್ಣು ತುಂಬಿದ್ದವು.

"ನಗ್ರಿ, ನಗ್ರಿ. ಸಣ್ಣ ಸೆಟ್ ಒಯ್ದು ನನ್ನ ಕೂಗು ನಿಮಗ ಮುಟ್ಟಲಿಲ್ಲಂದ್ರ? ನಾನೂ ಅಲ್ಲಿ ಸೀರಿ ಬೀಸ್ಕೋಂತ ನಿಲ್ಲೂದೇನ್ರಿ?"

ಅಜ್ಜನ ನಗು ನಿಂತಿತು.

"ಕುಂಡ್ರವಾ," ಅಂದರು. ತಾವೂ ಮರಳಿನ ಮೇಲೆ ಕೂತರು. "ತೆಪ್ಪ ನಡುಗಡ್ಡಿಗೆ ಪೂರಾ ಮುಟ್ಟತೈತೇನು?"

"ಇಲ್ರಿ. ಸೊಂಟಮಟ ನೀರಾಗ ಇಳದು ನಡೀಬೇಕು."

"ಅಲ್ಲಿ ಹೆಣ್ಮಕ್ಕಳು ಸಾಮಾನು ಹೆಂಗ ಒಯ್ತಾರ?"

"ಬುಟ್ಟ್ಯಾಗ ಇಟ್ಟು ತಲಿ ಮ್ಯಾಲ ಹೊತ್ಕೊಂಡು."

"ಕೈ?"

"ಕೈ ಖಾಲಿ ಇರತಾವ್ರಿ. ಒಂದರಾಗ ಕೋಲು, ಒಂದರಾಗ ಕೂಸು."

"ಬುಟ್ಟಿ ಕೆಳಗ ಏನಿರತೈತಿ?"

"ಸಿಂಬಿ!" ಕಸ್ತೂರಿಗೆ ರೇಗಿತು. "ಸಿಂಬಿ ಗೊತ್ತಿಲ್ಲೇನ್ರಿ ನಿಮಗ? ಅರಿವಿ ಸುತ್ತಿ ಬಳಿ ಹಂಗ ಮಾಡಿ ತಲಿ ಮ್ಯಾಲ ಇಟ್ಕೋತಾರಲ್ಲ, ಅದು."

"ಗೊತ್ತೈತಿ. ನೀ ಅದೊಂದು ಬಿಟ್ಟು ಉಳಿದದ್ದೆಲ್ಲಾ ಒಯ್ಯಾಕತ್ತಿದ್ದಿ."

ಅಷ್ಟು ಹೇಳಿ ಅಜ್ಜ ಎದ್ದು ಮಠದ ಕಡೆ ನಡೆದರು. ಚಕ್ಕಡಿಯ ಹಿಂದೆ ಕಸ್ತೂರಿಯೂ ಮರಳಿ ಬಂದಳು. ಬಂದ ದಾರಿಗೆ ಸುಂಕವಿಲ್ಲ.

ಅತ್ತಿಮರದ ಕೆಳಗೆ ಅಜ್ಜ ಹಳೆ ಟೀವಿಯ ಚಪ್ಪಟೆ ವೈರು ತೆಗೆದರು. ಗೇಣು ಹಾಕಿ ಅಳೆದರು, ಕತ್ತರಿಸಿದರು. ಒಂದು ಕಡೆ ತಂತಿ ಬಿಡಿಸಿ ಬೆಸುಗೆ ಹಾಕಿದರು, ಅದಕ್ಕೊಂದು ತೆಳು ಕೇಬಲ್ಲು ಸೇರಿಸಿದರು. ಆಮೇಲೆ ಎಲ್ಲವನ್ನೂ ಬಳೆಯ ಹಾಗೆ ಸುತ್ತಿ, ತಮ್ಮ ಹಳೆ ಧೋತರದ ಅಂಚು ಹರಿದು ಅದರ ಮೇಲೆ ಬಿಗಿದರು.

ಕಸ್ತೂರಿಯ ತಲೆಯ ಮೇಲೆ ಅದನ್ನು ಇಟ್ಟು, ದೂರ ಸರಿದು ನೋಡಿದರು.

"ಸರಿ ಕುಂತೈತಿ."

"ನಾ ಸೆಟ್ ಯಾವುದು ಅಂತ ಕೇಳಿದ್ರ ನೀವು ಸಿಂಬಿ ಕೊಡ್ತೀರಿ."

"ಮಾತಾಡಾಕ ಸೆಟ್ ಕೇಳಿದಿ. ಕೇಳಾಕ ಬೇಕಾದ ಆಂಟೆನಾ ಕೊಟ್ಟೇನಿ." ಅಜ್ಜ ಒಳಗಿನಿಂದ ಒಂದು ಕೈಸೆಟ್ಟು ತಂದು ಅವಳ ಅಂಗೈಯಲ್ಲಿ ಇಟ್ಟರು. ಅಂಗೈಯೊಳಗೇ ಅಡಗಿಹೋಗುವಂಥದು. "ಇದನ್ನ ಹಿಡಕೊಂಡು ಹಳೆ ಕೋಟಿ ಗ್ವಾಡಿ ಹಿಂದ ಹೋಗು. ನನ್ನ ಕರಿ."

ಕಸ್ತೂರಿ ಕೋಟೆಗೋಡೆಯ ಹಿಂದೆ ಹೋದಳು. ಕೈಸೆಟ್ಟಿನ ಗಿಡ್ಡ ಬಾಲದ ಆಂಟೆನಾ ಇಟ್ಟುಕೊಂಡು ಕರೆದಳು. ಗೊರ್ ಅನ್ನುವ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಬಾಲ ತಿರುಗಿಸಿ ತೆಗೆದು ಕೇಬಲ್ಲು ಸಿಕ್ಕಿಸಿ, ಸಿಂಬಿ ಬಿಚ್ಚಿ, ಬೇವಿನ ಟೊಂಗೆಯಿಂದ ತಂತಿ ಇಳಿಬಿಟ್ಟು ಕರೆದಳು.

ಅಜ್ಜನ ದನಿ ಪಕ್ಕದಲ್ಲಿ ಕೂತಷ್ಟು ಹತ್ತಿರ ಬಂತು. "ಹೇಳವಾ."

ಕಸ್ತೂರಿಗೆ ಹಿಗ್ಗೋ ಹಿಗ್ಗು. ಗುಂಡಿ ಒತ್ತಿದಳು. ಸಣ್ಣ ಸೆಟ್ಟು ಇಷ್ಟು ಹೇಗೆ ಕೇಳಿಸಿತು, ನಡುಗಡ್ಡೆಯಲ್ಲೂ ಹೀಗೇ ಕೇಳಿಸೀತೇ, ಮಳೆಯಲ್ಲಿ ತಂತಿ ತೊಯ್ದರೆ ಏನಾದೀತು, ಬ್ಯಾಟರಿ ಎಷ್ಟು ದಿನ ಬಂದೀತು, ಎಲ್ಲ ಕೇಳಿದಳು. ಉಸಿರು ಕಟ್ಟುವತನಕ ಕೇಳಿ, ಕುಣಿಯುತ್ತ ಮರದ ಕೆಳಗೆ ಬಂದಳು.

"ಬಹಳ ಪ್ರಶ್ನೆ ಕೇಳಿದಿ," ಅಂದರು ಅಜ್ಜ.

"ಹೂಂರಿ. ನೀವು ಒಂದಕ್ಕೂ ಉತ್ತರ ಕೊಡಲಿಲ್ಲ."

"ಎಲ್ಲಾದಕ್ಕೂ ಕೊಟ್ಟೆ."

ಕಸ್ತೂರಿ ತನ್ನ ಹೆಬ್ಬೆರಳು ನೋಡಿಕೊಂಡಳು. ಗುಂಡಿಯ ಅಚ್ಚು ಇನ್ನೂ ಕೆಂಪಗೆ ಮೂಡಿತ್ತು.

ಅಜ್ಜ ಬೈಯಲಿಲ್ಲ. ಬೆಸುಗೆಯ ಸಾಮಾನು ಎತ್ತಿಡುತ್ತ ಅಂದರು: "ಬಲ ಎಷ್ಟಿದ್ರೇನು, ತಗ್ಗಿನಾಗ ನಿಂತು ಒದರಿದ್ರ ಗ್ವಾಡಿ ದಾಟೂದಿಲ್ಲ. ಎತ್ತರಕ್ಕ ಕಟ್ಟು. ಗುಂಡಿ ಬಿಡು. ಇಷ್ಟ ಐತಿ ವಿದ್ಯಾ."

ಹೊರಡುವ ದಿನ ಬುಟ್ಟಿಯಲ್ಲಿ ಇದ್ದದ್ದು ಕೈಸೆಟ್ಟು, ಅದರ ಬ್ಯಾಟರಿಗಳು, ಹೆರಿಗೆಯ ಸಾಮಾನಿನ ಗಂಟು, ಒಂದು ಜೊತೆ ಬಟ್ಟೆ. ಬುಟ್ಟಿಯ ಕೆಳಗೆ ಸಿಂಬಿ.

ಜಟ್ಟೆಪ್ಪ ಬುಟ್ಟಿ ಎತ್ತಿ ನೋಡಿ, "ಈಗ ತೆಪ್ಪಕ್ಕೂ ಹಗರಾತು," ಅಂದ.

"ಇಲ್ಲಪಾ," ಅಂದರು ಅಜ್ಜ. "ಅಕಿ ಬಾಯಿ ಐತಲ್ಲ ಇನ್ನೂ. ಹುಷಾರಿಲೆ ಹುಟ್ಟು ಹಾಕು."

ಕಸ್ತೂರಿ ನಕ್ಕು ಅವರ ಕಾಲು ಮುಟ್ಟಿದಳು. ಅಜ್ಜ ಅವಳ ತಲೆಯ ಮೇಲೆ ಕೈ ಇಟ್ಟರು. ತೆಗೆಯುವುದಕ್ಕೆ ಸ್ವಲ್ಪ ತಡವಾಯಿತು.

ನಡುಗಡ್ಡೆಯಲ್ಲಿ ದಿನಗಳು ಸುಖವಾಗಿಯೇ ಕಳೆದವು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಸ್ತೂರಿ ಜಾಲಿಮರಕ್ಕೆ ತಂತಿ ಇಳಿಬಿಟ್ಟು ಕರೆಯುತ್ತಿದ್ದಳು. ಅಜ್ಜ ಇದ್ದೇ ಇರುತ್ತಿದ್ದರು.

"ಏನ್ ಉಂಡಿ?"

"ಝುಣಕ, ರೊಟ್ಟಿ."

"ನನಗ ಮಠದಾಗ ಬರೇ ಸಾರು. ಹೊಟ್ಟಿ ಉರಿಸಬ್ಯಾಡ. ದುರುಗವ್ವ?"

"ಆರಾಮ ಅದಾಳ್ರಿ. ಇನ್ನೂ ದಿನ ಅದಾವು."

ಮಾತು ಮುಗಿದ ಮೇಲೆ ತಂತಿ ಮತ್ತೆ ಸಿಂಬಿಯಾಗುತ್ತಿತ್ತು. ಅದೇ ಸಿಂಬಿಯ ಮೇಲೆ ಕೊಡವಿಟ್ಟು ಕಸ್ತೂರಿ ನೀರು ತರುತ್ತಿದ್ದಳು. ದುರುಗವ್ವನ ಅತ್ತೆ ಅದನ್ನು ಮುಟ್ಟಿ ಮುಟ್ಟಿ ನೋಡಿ, "ನಿಮ್ಮ ಅಜ್ಜ ಸಿಂಬಿಯೊಳಗ ಮಾತು ಸುತ್ತಿ ಇಟ್ಟಾನೇನ?" ಅಂದಳು.

ಆಮೇಲೆ ಹೊಳೆ ಬಂತು.

ಡ್ಯಾಮಿನ ಬಾಗಿಲು ತೆರೆಯುತ್ತಾರೆ ಎಂದು ಅಜ್ಜ ಬೆಳಿಗ್ಗೆಯೇ ಎಚ್ಚರಿಸಿದ್ದರು. ಆದರೆ ನೀರು ಅಂದುಕೊಂಡದ್ದಕ್ಕಿಂತ ಮೊದಲು ಬಂತು. ನಡುಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ನೀರು, ಒಲೆಯಲ್ಲಿ ನೀರು. ದಿಬ್ಬದ ಮೇಲೆ ಕಲ್ಲಿನ ಗುಡಿಯೊಂದಿತ್ತು, ಎಲ್ಲರೂ ಅಲ್ಲಿಗೆ ಹೊರಟರು. ದುರುಗವ್ವನ ಗಂಡ ಎಮ್ಮೆ ಹೊಡೆದುಕೊಂಡು ಮುಂದೆ ಹೋದ.

ಹೊಸ್ತಿಲು ದಾಟುತ್ತಲೇ ದುರುಗವ್ವ ಹೊಟ್ಟೆ ಹಿಡಿದು ಬಾಗಿದಳು. ದಿನ ತುಂಬುವ ಮೊದಲೇ ನೋವು ಬಂದಿತ್ತು.

ಕಸ್ತೂರಿ ಸಿಂಬಿ ತಲೆಯ ಮೇಲಿಟ್ಟಳು, ಸಿಂಬಿಯ ಮೇಲೆ ಬುಟ್ಟಿ ಇಟ್ಟಳು. ಒಂದು ಕೈಯಿಂದ ದುರುಗವ್ವನ ಸೊಂಟ ಬಳಸಿದಳು, ಇನ್ನೊಂದು ಕೈಯಿಂದ ಕಣ್ಣು ಕಾಣದ ಅತ್ತೆಯ ರಟ್ಟೆ ಹಿಡಿದಳು. ಮೊಣಕಾಲುಮಟ ನೀರಿನಲ್ಲಿ ಮೂವರೂ ದಿಬ್ಬ ಹತ್ತಿದರು. ಲಾರಿಯ ಬ್ಯಾಟರಿ ಅವಳಿಗೆ ಅಲ್ಲಿ ನೆನಪಾಯಿತು.

ಉಳಿದವರನ್ನು ಹೊರಗಿನ ಪಡಸಾಲೆಗೆ ಕಳಿಸಿ, ಗುಡಿಯೊಳಗೆ ದುರುಗವ್ವನನ್ನು ಮಲಗಿಸಿದಳು, ನೋಡಿದಳು. ಕೂಸಿನ ತಲೆ ಕೆಳಗಿರಲಿಲ್ಲ. ಕುಂಡಿ ಮುಂದಾಗಿ ಬರುತ್ತಿತ್ತು.

ಅಂಥ ಹೆರಿಗೆಯನ್ನು ಡಾಕ್ಟರಬಾಯಿಯ ಬೆನ್ನ ಹಿಂದೆ ನಿಂತು ನೋಡಿದ್ದಳು. ತಾನೇ ಮಾಡಿಸಿರಲಿಲ್ಲ.

"ಈ ಸಲನೂ ಹೋಗತೈತೇನ್ರಿ?" ಅಂದಳು ದುರುಗವ್ವ, ಬಹಳ ಸಣ್ಣ ದನಿಯಲ್ಲಿ.

ಕಸ್ತೂರಿ ಸಿಂಬಿ ಬಿಚ್ಚಿದಳು. ಗುಡಿಯ ಮುಂದಿನ ಬನ್ನಿಮರದ ಟೊಂಗೆಗೆ ತಂತಿ ಎಸೆದಳು, ಕೇಬಲ್ಲನ್ನು ಬಾಗಿಲೊಳಗೆ ಎಳೆದು ಸೆಟ್ಟಿಗೆ ಸಿಕ್ಕಿಸಿದಳು, ಗುಂಡಿ ಒತ್ತಿದಳು.

"ಅಜ್ಜಾರ, ಅಜ್ಜಾರ, ನೋವು ಬಂದಾವ್ರಿ, ಕೂಸು ತಿರುಗಿಲ್ರಿ, ಕುಂಡಿ ಮುಂದೈತಿ, ಡಾಕ್ಟರಬಾಯಿನ್ನ ಕರಸ್ರಿ, ಲಗೂನ ಕರಸ್ರಿ, ಎಳೀಲೇನ್ರಿ, ತಿರುಗಿಸಲೇನ್ರಿ, ಏನ್ ಮಾಡ್ಲಿ ಹೇಳ್ರಿ, ಅಜ್ಜಾರ, ಕೇಳಾಕತ್ತೀರೇನ್ರಿ?"

ಉತ್ತರವಿಲ್ಲ.

ಮತ್ತೆ ಒತ್ತಿದಳು. ಮತ್ತೆ ಅದೇ ಕೂಗು. ಉಸಿರು ತೆಗೆದುಕೊಳ್ಳಲು ಬೆರಳು ಒಂದು ಚೂರು ಸಡಿಲಿಸುವುದು, ಮತ್ತೆ ಒತ್ತುವುದು. ಹೊರಗೆ ಮಳೆ ಸುರಿಯುತ್ತಿತ್ತು. ಹೊಳೆಯ ಆಚೆ ದಂಡೆ ಕಾಣುತ್ತಿರಲಿಲ್ಲ. ಕೆಂಪು ಸೀರೆ ಬೀಸಿದರೂ ಈ ದಿನ ಯಾರಿಗೂ ಕಾಣುತ್ತಿರಲಿಲ್ಲ.

"ಯಾರೂ ಇಲ್ಲ," ಅಂದಳು ಕಸ್ತೂರಿ. "ಯಾರೂ ಕೇಳವಲ್ರು."

ಕಂಬಕ್ಕೆ ಒರಗಿದ್ದ ಅತ್ತೆ ಮುಖ ಎತ್ತಿದಳು. ಕಣ್ಣಿಲ್ಲದವಳ ಕಿವಿ ಬಲು ಚುರುಕು.

"ನರ್ಸವ್ವಾ, ನೀ ಉಸಿರು ತಗೊಳ್ಳುವಾಗೊಮ್ಮೆ ಅದರಾಗ ಯಾರೋ 'ಬಿಡು, ಬಿಡು' ಅನ್ನಾಕತ್ತಾರ."

ಕಸ್ತೂರಿ ಹೆಬ್ಬೆರಳು ನೋಡಿದಳು. ಎತ್ತಿದಳು. ಎತ್ತಿದ ಬೆರಳನ್ನು ಎತ್ತಿಯೇ ಹಿಡಿದಳು.

"...ಗುಂಡಿ ಬಿಡವಾ, ನನ್ನವ್ವಾ, ಗುಂಡಿ ಬಿಡು. ಇಲ್ಲೇ ಅದೀನಿ ನಾನು. ಮುಂಜಾನಿಂದ ಇಲ್ಲೇ ಅದೀನಿ. ಡಾಕ್ಟರಬಾಯಿನ್ನೂ ಆವಾಗನ ಕರಸಿ ಕುಂಡರಿಸೀನಿ. ಗುಂಡಿ ಬಿಡು..."

ಅವಳಿಗೆ ಅಳು ನುಗ್ಗಿ ಬಂತು. ನುಂಗಿಕೊಂಡು ಒತ್ತಿದಳು.

"ಬಿಟ್ಟೇನ್ರಿ ಅಜ್ಜಾರ."

ಬಿಟ್ಟಳು.

"ಶಾಣ್ಯಾಕಿ," ಅಂದರು ಅಜ್ಜ. "ಈಗ ಕೇಳು."

ಕಸ್ತೂರಿ ಕೇಳಿದಳು. ಒಂದೇ ಪ್ರಶ್ನೆ ಕೇಳಿದಳು. ಆಮೇಲೆ ಕಿವಿಗೊಟ್ಟು ಕೇಳಿದಳು.

"ಎಳೀಬ್ಯಾಡ," ಅಂದರು ಡಾಕ್ಟರಬಾಯಿ. "ಕೈ ದೂರ ಇಡು. ಕೂಸು ಅದರಷ್ಟಕ್ಕ ಅದು ಬರಲಿ. ಯಾವಾಗ ಹಿಡೀಬೇಕು ಅಂತ ನಾ ಹೇಳತೀನಿ. ಅಲ್ಲೀತನಕ ಸುಮ್ನಿರು. ಸುಮ್ನಿರೂದ ಕೆಲಸ."

ಕೈ ತೊಳೆಯಬೇಕಾಗಿ ಬಂದಾಗ ಕಸ್ತೂರಿ ಸೆಟ್ಟನ್ನು ಅತ್ತೆಯ ಕೈಗೆ ಕೊಟ್ಟಳು. ನಾ ಮಾತಾಡುವಾಗ ಒತ್ತು, ಮುಗಿದ ಮೇಲೆ ಬಿಡು ಅಂದಳು. ಮುದುಕಿ ಒತ್ತಿದಳು, ಬಿಟ್ಟಳು. ತಪ್ಪಲಿಲ್ಲ. ಅತ್ತಿಮರದ ಕೆಳಗೆ ಕಸ್ತೂರಿ ಪಟ್ಟ ಪಾಡು ನೆನೆದರೆ ನಗು ಬರಬೇಕು, ಆದರೆ ಆ ಹೊತ್ತಿನಲ್ಲಿ ಗುಡಿಯೊಳಗೆ ನಗುವವರು ಯಾರೂ ಇರಲಿಲ್ಲ.

ದುರುಗವ್ವ ಬನ್ನಿಮರ ನಡುಗುವಂತೆ ಕೂಗಿದಳು. ಕಸ್ತೂರಿ ಕೈ ದೂರ ಇಟ್ಟುಕೊಂಡು ಕಾದಳು. ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ.

"ಸೊಂಟ ಬಂತ್ರಿ."

"ಕಾಯಿ."

"ತೋಳು ಬಂದುವ್ರಿ."

"ಈಗ ಹಿಡಿ," ಅಂದರು ಡಾಕ್ಟರಬಾಯಿ. ಹೇಗೆ ಹಿಡಿಯಬೇಕು, ಯಾವ ಕಡೆ ಎತ್ತಬೇಕು, ಒಂದೊಂದಾಗಿ ಹೇಳಿದರು. ಕಸ್ತೂರಿ ಒಂದು ಮಾತೂ ಆಡದೆ ಹಾಗೇ ಮಾಡಿದಳು.

ಕೂಸು ಕೈಗೆ ಬಂತು. ಹೆಣ್ಣುಕೂಸು. ನೀಲಿಗಟ್ಟಿತ್ತು. ಸದ್ದಿರಲಿಲ್ಲ.

ಕಸ್ತೂರಿ ಅದರ ಬಾಯಿ ಒರೆಸಿದಳು. ಮೈಯೆಲ್ಲ ಒರೆಸಿ ಬೆನ್ನು ತಿಕ್ಕಿದಳು. ಮತ್ತೆ ತಿಕ್ಕಿದಳು. ದುರುಗವ್ವ ಉಸಿರು ಹಿಡಿದಿದ್ದಳು. ಮುದುಕಿ ಉಸಿರು ಹಿಡಿದಿದ್ದಳು.

ಆಮೇಲೆ ಕೂಸು ಸೀನಿತು. ಮುಖ ಹಿಂಡಿತು. ಅತ್ತಿತು.

ಕಲ್ಲಿನ ಗುಡಿ ತುಂಬ ಅದರ ಅಳು. ದುರುಗವ್ವ ನಗುತ್ತ ಅಳುತ್ತಿದ್ದಳು. ಕಸ್ತೂರಿ ಕೂಸನ್ನು ಅವಳ ಎದೆಯ ಮೇಲೆ ಮಲಗಿಸಿ, ಮುದುಕಿಯ ಕೈಯಿಂದ ಸೆಟ್ಟು ಇಸಿದುಕೊಂಡು ಗುಂಡಿ ಒತ್ತಿದಳು.

"ಅಜ್ಜಾರ..."

ಮುಂದೆ ಮಾತು ಬರಲಿಲ್ಲ. ಬಾಯಿ ತೆರೆದೇ ಇತ್ತು, ಮಾತು ಮಾತ್ರ ಇರಲಿಲ್ಲ. ಅವಳಿಗೆ ಹಾಗಾದದ್ದು ಅದೇ ಮೊದಲು. ಬೆನ್ನ ಹಿಂದೆ ಕೂಸು ಅಳುತ್ತಲೇ ಇತ್ತು.

ತಟ್ಟನೆ ಪಾಠ ನೆನಪಾಗಿ ಗುಂಡಿ ಬಿಟ್ಟಳು.

ಒಂದು ಗಳಿಗೆ ಬರೀ ಗೊರ್ ಅನ್ನುವ ಸದ್ದು. ಆಮೇಲೆ ಅಜ್ಜನ ದನಿ ಬಂತು.

"ಯಾಕ ಬಿಟ್ಟಿ? ಒತ್ತಿ ಹಿಡಿಯವಾ. ನಾವೂ ಕೇಳೂಣು."